ಗಣಿತದ ತಲೆನೋವು

ಸಂಗಮ ಪ್ರೌಢಶಾಲೆಯ ಹಿಂಬದಿಯಲ್ಲಿ, ಒಂದು ಕಾಲಕ್ಕೆ ಬಿಸಿಯೂಟದ ಅಕ್ಕಿಚೀಲ ಒಟ್ಟುತ್ತಿದ್ದ ಕೋಣೆಯೇ ಈಗ ರುಚಿಕೋಣೆ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಬೇಳೆಯ ವಾಸನೆ ಹೋಗಿರಲಿಲ್ಲ. ಫೆಬ್ರವರಿ ಬಂತೆಂದರೆ ಒಂಬತ್ತನೇ ತರಗತಿಯ ಮಕ್ಕಳು ಅದರ ಬಾಗಿಲ ಮುಂದೆ ಸಾಲುಗಟ್ಟಿ, ಒಬ್ಬರನ್ನೊಬ್ಬರು ನೂಕುತ್ತ, ಮುಂದಿನ ವರ್ಷದ ರುಚಿ ನೋಡಲು ಕಾಯುತ್ತಿದ್ದರು.

ಹತ್ತನೇ ತರಗತಿಗೆ ಹೋಗುವವರು ಹನ್ನೊಂದು ವಿಷಯಗಳಲ್ಲಿ ಐದನ್ನು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಪಿಯುಸಿ ಮುಗಿಯುವವರೆಗೆ ಅದೇ ದಾರಿ, ನಡುವೆ ಹೊರಳುವಂತಿಲ್ಲ. ಹಿಂದೆಲ್ಲ ಈ ಆಯ್ಕೆ ಸೋದರಮಾವನ ಮಾತಿನ ಮೇಲೋ, ಗೆಳತಿ ಏನು ತೆಗೆದುಕೊಂಡಳು ಎಂಬುದರ ಮೇಲೋ, ಯಾವ ಮಾಸ್ತರು ಕಡಿಮೆ ಬೈಯುತ್ತಾರೆ ಎಂಬುದರ ಮೇಲೋ ನಡೆದುಹೋಗುತ್ತಿತ್ತು. ಒಂದು ವಿಷಯವನ್ನು ವರ್ಷವಿಡೀ ಕಲಿಯುವುದು ಹೇಗಿರುತ್ತದೆ ಎಂಬುದು ಕಲಿಯುವ ಮೊದಲೇ ಮೈಗೆ ತಿಳಿಯುವಂತಿದ್ದರೆ? ಯಾರೋ ಈ ಪ್ರಶ್ನೆ ಕೇಳಿದರು, ಇನ್ಯಾರೋ ಉತ್ತರವಾಗಿ ಒಂದು ಯಂತ್ರ ಕಟ್ಟಿದರು. ದೊಡ್ಡ ಊರುಗಳನ್ನೆಲ್ಲ ಸುತ್ತಿ ಅದು ಮಲಪ್ರಭೆಯ ದಂಡೆಯ ಈ ಸಣ್ಣ ಊರಿಗೂ ಬಂತು.

ಅದರ ಕೆಲಸ ಹೇಳುವುದಕ್ಕೆ ಸುಲಭ. ಪ್ರತಿ ವಿಷಯಕ್ಕೂ ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ ಮುಂದೆ ಬಂದು, ವರ್ಷಪೂರ್ತಿ ಆ ವಿಷಯದ ಪಾಠದ ಹೊತ್ತಿನಲ್ಲಿ ತಲೆಗೆ ಒಂದು ತೆಳ್ಳನೆಯ ಪಟ್ಟಿ ಕಟ್ಟಿಕೊಳ್ಳುತ್ತಾನೆ. ಪಟ್ಟಿ ಅವನ ಯೋಚನೆಗಳನ್ನು ಓದುವುದಿಲ್ಲ. ಮೈಯೊಳಗಿನ ಸುದ್ದಿಯನ್ನಷ್ಟೇ ಓದುತ್ತದೆ: ಎದೆಬಡಿತ, ಉಸಿರು, ಹೊಟ್ಟೆಯ ಖಾಲಿತನ, ಭುಜದ ಬಿಗಿ, ಚರ್ಮದ ಉರಿ, ಮತ್ತು ತಿಳಿಯದ್ದು ತಟ್ಟನೆ ತಿಳಿದಾಗ ಎದೆಯ ಕೆಳಗಿನಿಂದ ಏಳುವ ಒಂದು ಸಣ್ಣ ಪುಟಿತ. ಬೆಂಚಿನ ಗಟ್ಟಿತನ, ಫ್ಯಾನಿನ ಗಾಳಿ, ಹೀಗೆ ಒಂದೇ ಸಮ ಇರುವುದನ್ನೆಲ್ಲ ಯಂತ್ರ ಕಳೆದು ಬಿಸಾಡುತ್ತದೆ. ಮಿದುಳೂ ಅವನ್ನು ಮರೆತೇ ಇರುತ್ತದಲ್ಲ. ಪಾಠದ ಜೊತೆಗೇ ಏರಿ ಪಾಠದ ಜೊತೆಗೇ ಇಳಿದದ್ದು ಮಾತ್ರ ಉಳಿಯುತ್ತದೆ. ಆ ಒಂದು ವರ್ಷವನ್ನು ಹಾಲು ಕುದಿಸಿ ಖೋವಾ ಮಾಡಿದಂತೆ ಕೆಲವೇ ನಿಮಿಷಗಳಿಗೆ ಇಳಿಸಿದರೆ ಅದು ಮಾದರಿ. ಒಂಬತ್ತನೆಯವರು ಅದೇ ಥರದ ಪಟ್ಟಿ ಕಟ್ಟಿಕೊಂಡು ಕೂತರೆ ಮಾದರಿ ಅವರ ಮೈಗೆ ಇಳಿಯುತ್ತದೆ. ಪಾಠ ಬರುವುದಿಲ್ಲ, ಪಾಠದ ರುಚಿ ಬರುತ್ತದೆ.

ಹಣೆಯಿಂದ ಕಿವಿಯವರೆಗೆ ಇಳಿಯುವ ಆ ಪಟ್ಟಿಗೆ ಮಕ್ಕಳು ಇಟ್ಟ ಹೆಸರು ಬಾಸಿಂಗ. ಕಟ್ಟಿಕೊಂಡು ಕೂತವರನ್ನು ಬಾಗಿಲಲ್ಲಿ ನಿಂತವರು, "ಯಾವ ವಿಷಯದ ಜೋಡಿ ಲಗ್ನಲೇ?" ಎಂದು ಕಾಡಿಸುತ್ತಿದ್ದರು.

ರುಚಿಕೋಣೆಯನ್ನು ನಡೆಸುವವರು ಸಿಂಚನಾ ಅಂಗಡಿ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವರು, ಅಳತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಾದರಿಗಳು ದೇವರು ಕೊಟ್ಟವಲ್ಲ, ಮನುಷ್ಯರು ಕೊಟ್ಟವು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇತಿಹಾಸದ ಮಾದರಿ ನೋಡಿದವರಿಗೆಲ್ಲ ವಿಪರೀತ ಹಸಿವಾಗುತ್ತಿತ್ತು. ಆ ಪಾಠ ಊಟದ ಬಿಡುವಿಗೆ ಮೊದಲಿನದು ಎಂದು ಪತ್ತೆ ಹಚ್ಚಿದವರು ಅವರೇ. ಅಂದಿನಿಂದ ಇತಿಹಾಸಕ್ಕೆ ಬಂದವರ ಕೈಗೆ ಮೊದಲು ಒಂದು ಶೇಂಗಾ ಉಂಡಿ ಇಡುತ್ತಿದ್ದರು. ಇತಿಹಾಸಕ್ಕೆ ಜನ ಹೆಚ್ಚಾದದ್ದು ಉಂಡಿಯಿಂದಲೋ ವಿಷಯದಿಂದಲೋ ಎಂಬುದು ಬೇರೆ ಮಾತು.

ಗಣಿತದ ಮಾದರಿಯಲ್ಲಿ ಮಾತ್ರ ಅವರಿಗೆ ಯಾವ ಅನುಮಾನವೂ ಬಂದಿರಲಿಲ್ಲ. ಕೂತವರೆಲ್ಲ ತಲೆ ಹಿಡಿದುಕೊಂಡೇ ಏಳುತ್ತಿದ್ದರು. ಹೋದ ವರ್ಷ ಹೊಸ ಮಾದರಿ ಬಂದಾಗಿನಿಂದ ಹಾಗೆಯೇ. ಗಣಿತ ಆರಿಸಿಕೊಳ್ಳುವವರು ಅರ್ಧಕ್ಕೆ ಇಳಿದಿದ್ದರು, ಈ ವರ್ಷ ಅದಕ್ಕೂ ಕಡಿಮೆ. ಗಣಿತ ಮಾಡಿದರೆ ತಲೆ ನೋಯುತ್ತದೆ ಎಂಬ ಮಾತಿಗೆ ಇಡೀ ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಗಣಿತವನ್ನೂ ಕಲಿಸುತ್ತಿದ್ದ ಹೆಡ್‌ಮಾಸ್ತರು ಕೌಜಲಗಿ ಸರ್ ಅಂತೂ, "ಬೇವಿನ ಎಲಿ ತಿಂದು ಕಹಿ ಐತಿ ಅಂದ್ರ ಅದು ಬೇವಿನ ತಪ್ಪೇನ್ರಿ ಮೇಡಂ? ಯಂತ್ರ ಖರೇ ಹೇಳಾಕತ್ತೈತಿ," ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಿದ್ದರು.

ಹೀಗಿರುವಾಗ ಮಾಳಿಂಗ ಬಂದ.

ಅವನನ್ನು ಸಿಂಚನಾ ಮೊದಲೇ ಬಲ್ಲರು. ಒಂದು ತಿಂಗಳಿನಿಂದ ಜೇಬಿನ ತುಂಬ ರಟ್ಟಿನ ತುಂಡು ಇಟ್ಟುಕೊಂಡು ತಿರುಗುತ್ತಿದ್ದ ಹುಡುಗ. ಎಲ್ಲ ತುಂಡುಗಳೂ ಐದು ಮೂಲೆಯವು, ಎಲ್ಲ ಬದಿಯೂ ಸಮ. ಸಿಕ್ಕವರ ಮುಂದೆ ನೆಲದ ಮೇಲೆ ಹರಡಿ, "ನಾಕು ಮೂಲಿಯೂವು ಸಂದಿ ಇಲ್ಲದಂಗ ಕೂಡ್ತಾವ, ಆರು ಮೂಲಿಯೂವೂ ಕೂಡ್ತಾವ. ಈ ಐದು ಮೂಲಿಯೂವು ಯಾಕ ಕೂಡವಲ್ವು?" ಎಂದು ಕೇಳುತ್ತಿದ್ದ. ಕೌಜಲಗಿ ಸರ್‌ಗೂ ಕೇಳಿದ್ದ. ಅವರು ಕೈಯಲ್ಲಿದ್ದ ಕೆಲಸದ ಗಡಿಬಿಡಿಯಲ್ಲಿ, "ಮುಂದಿನ ವರ್ಷ ಬರತೈತಿ, ತಡಿ," ಎಂದಿದ್ದರು. ಹಾಗಾಗಿ ಮಾಳಿಂಗ ಮುಂದಿನ ವರ್ಷಕ್ಕಾಗಿ ತಡೆದಿದ್ದ. ಅವನ ಮಟ್ಟಿಗೆ ಆಯ್ಕೆ ಎಂಬುದೇ ಇರಲಿಲ್ಲ. ರುಚಿ ನೋಡುವುದು ಬರೀ ನೇಮಕ್ಕೆ. ಮೊನ್ನೆಯಷ್ಟೇ ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ದರಿಂದ ಅವನ ತಲೆ ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು.

ಪಟ್ಟಿ ಬಿಚ್ಚಿದಾಗ ಅವನ ಮುಖ ಬಾಡಿತ್ತು.

"ಹ್ಯಾಂಗಿತ್ತೋ ತಮ್ಮ?" ಎಂದರು ಸಿಂಚನಾ.

"ತಲಿ ನೋಯಾಕತ್ತೈತ್ರಿ."

"ಎಲ್ಲಾರೂ ಅದನ್ನ ಹೇಳ್ತಾರ. ಆಮ್ಯಾಲ ಕಡಿಮಿ ಆಗತೈತಿ."

"ಹಂಗಲ್ರಿ ಮೇಡಂ. ತಲಿ ಒಳಗ ನೋವಿಲ್ಲ, ಮ್ಯಾಲ ಐತಿ. ಯಾರೋ ಕೂದಲಾ ಹಿಡದು ಜಗ್ಗಿದಂಗ ಆತ್ರಿ."

ಬಾಗಿಲಲ್ಲಿದ್ದವರು ಹೋ ಎಂದು ನಕ್ಕರು. "ನಿನ್ನ ತಲಿ ಮ್ಯಾಲ ಕೂದಲಾ ಎಲ್ಲದಾವಲೇ ಜಗ್ಗಾಕ? ದೇವರು ವಾಪಸ್ ಕೊಟ್ಟನೇನ?"

ಮಾಳಿಂಗ ನಗಲಿಲ್ಲ. ಬೋಳುತಲೆಯನ್ನು ಎಡಗಿವಿಯ ಹಿಂದೆ ಮೆಲ್ಲಗೆ ಸವರಿಕೊಂಡ. "ಅದಕ್ಕ ಅಂಜಿಕಿ ಬಂತ್ರಿ," ಎಂದ. "ಇಲ್ಲದ ಕೂದಲಾ ನೋಯ್ತಾವಂದ್ರ ನನ್ನ ತಲಿಗೂ ಗಣಿತಕ್ಕೂ ಹೊಂದಂಗಿಲ್ಲ ಅಂತ ಕಾಣಸ್ತೈತಿ. ಶನಿವಾರದೊಳಗ ಹೇಳಬೇಕಲ್ರಿ? ಗಣಿತ ಬ್ಯಾಡ್ರಿ. ಇತಿಹಾಸ ಹಿಡೀತೇನಿ." ಹೊರಗೆ ಹೋಗುವಾಗ ಜೇಬಿನ ರಟ್ಟಿನ ತುಂಡುಗಳನ್ನು ತೆಗೆದು ಬಾಗಿಲ ಪಕ್ಕದ ಕಸದ ಬುಟ್ಟಿಯಲ್ಲಿ ಹಾಕಿದ. ಎಸೆಯಲಿಲ್ಲ, ಬಗ್ಗಿ, ಒಂದರ ಮೇಲೊಂದು ಒಪ್ಪವಾಗಿ ಇಟ್ಟ.

ಸಿಂಚನಾ ಎದ್ದು ಹೋಗಿ ಅವನ್ನು ಎತ್ತಿಕೊಂಡರು. ಅನಂತರ ಆ ದಿನ ಗಣಿತಕ್ಕೆ ಕೂತು ಎದ್ದವರಿಗೆಲ್ಲ, ಇಷ್ಟು ದಿನ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು: ನೋವು ಎಲ್ಲಿ?

ಹುಡುಗರು ಒಬ್ಬರಾದ ಮೇಲೊಬ್ಬರು ಎಡಗಿವಿಯ ಹಿಂದಕ್ಕೆ ಕೈ ಒಯ್ದರು. ಬಲಕ್ಕೂ ಇದೆ, ಆದರೆ ಎಡಕ್ಕೆ ಹೆಚ್ಚು ಎಂದರು. ಹುಡುಗಿಯರು ಮಾತ್ರ ಈ ಪ್ರಶ್ನೆಗೇ ಬೆರಗಾದರು. ಅವರಲ್ಲೊಬ್ಬಳು, "ಅದು ದಿನಾ ಇದ್ದದ್ದ ಅಲ್ಲೇನ್ರಿ?" ಎಂದು ರಿಬ್ಬನ್ ಸರಿಮಾಡಿಕೊಂಡು ಹೋದಳು. ಸಿಂಚನಾ ಆ ಮಾತನ್ನು ಕೇಳಿಸಿಕೊಂಡರು, ಆದರೆ ಅದರೊಳಗೆ ಏನಿದೆ ಎಂದು ಆಗ ಹೊಳೆಯಲಿಲ್ಲ.

ಸಂಜೆ ಮನೆಯಲ್ಲಿ ಮಗಳು ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಸೋಲಾರ್ ಘಟಕದಲ್ಲಿ ಪಾಳಿಗೆ ಹೋದ ದಿನ ರೊಟ್ಟಿ ಅವಳದು, ಪಲ್ಯ ತಾಯಿಯದು. ಪಿಯುಸಿಯ ಕೊನೆಯ ವರ್ಷ, ಗಣಿತವೇ ಅವಳ ಜೀವ. ಹತ್ತನೇ ತರಗತಿ ಮುಗಿದ ಮರುದಿನವೇ ಮೊಣಕಾಲು ಮುಟ್ಟುತ್ತಿದ್ದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದಿದ್ದಳು. ಸಿಂಚನಾ ಎಂಟು ದಿನ ಮಾತಾಡಿರಲಿಲ್ಲ. ಬರೀ ಜಡೆಯ ಸಲುವಾಗಿ ಅಲ್ಲ, ಅದು ಅವರಿಗೂ ತಡವಾಗಿ ತಿಳಿದದ್ದು. ಆಗ ಅವರು ಬೇರೆ ಊರಿನ ರುಚಿಕೋಣೆಗೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ದಿನದಲ್ಲಿ ಮಗಳ ಜೊತೆ ಕೂರುತ್ತಿದ್ದದ್ದು ಹೊಸ್ತಿಲ ಮೇಲೆ ಅವಳ ಎರಡು ಜಡೆ ಹೆಣೆಯುವಷ್ಟು ಹೊತ್ತು ಮಾತ್ರ. ಸಂಜೆಯ ಖೋ ಖೋ ಆಟ ಮುಗಿಯುವವರೆಗೂ ಬಿಚ್ಚದಂತೆ ಬಿಗಿಯಾಗಿ ಹೆಣೆಯುತ್ತಿದ್ದರು. ಕೂದಲು ಹೋದ ಮೇಲೆ ಆ ಹೊತ್ತೂ ಹೋಯಿತು.

"ದಾನಿ, ಗಣಿತ ಮಾಡೂವಾಗ ನಿನಗ ತಲಿ ನೋಯ್ತೈತೇನ?"

"ಯಾಕ ನೋಯ್ತೈತಿ?"

"ಎಲ್ಲಾರಿಗೂ ನೋಯ್ತೈತಂತ."

"ಈಗ ಇಲ್ಲವ್ವ. ಸಾಲ್ಯಾಗಿದ್ದಾಗ ನೋಯತಿತ್ತು. ಆವಾಗ ಕನ್ನಡಕ್ಕೂ ನೋಯತಿತ್ತು, ಹಿಂದಿಗೂ ನೋಯತಿತ್ತು." ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತ ದಾನಿ ಒಳಗೊಳಗೇ ನಕ್ಕಳು. "ಪಲ್ಯಾ ಹೊತ್ತಾಕತ್ತೈತಿ ನೋಡು."

ಪಲ್ಯ ನಿಜವಾಗಿಯೂ ಹೊತ್ತುತ್ತಿತ್ತು. ಮಾತು ಅಲ್ಲಿಗೇ ನಿಂತಿತು.

ಮಾದರಿ ಕೊಟ್ಟವರು ಯಾರೆಂದು ಕೋಣೆ ನಡೆಸುವವರಿಗೂ ತಿಳಿಸುವುದಿಲ್ಲ. ಗುರುತು ಸಿಗದಿರಲೆಂದು ತರಗತಿಯಲ್ಲಿ ಇನ್ನೂ ಕೆಲವರು ಖಾಲಿ ಪಟ್ಟಿ ಕಟ್ಟಿಕೊಂಡಿರುತ್ತಾರೆ. ಕೊಟ್ಟವರೂ ಯಾವ ವಿಷಯದ್ದೆಂದು ಮನೆಯಲ್ಲಿ ಹೇಳುವಂತಿಲ್ಲ. ಕೊಟ್ಟವರ ಬೇಸರ, ಭಯ, ಖುಷಿಯೆಲ್ಲ ಅದರೊಳಗಿರುತ್ತದೆ. ಊರಿನವರು ಬೆರಳು ಮಾಡಬಾರದಲ್ಲ. ದಾನಿ ಯಾವುದೋ ವಿಷಯದ ಮಾದರಿ ಕೊಟ್ಟಿದ್ದಾಳೆ ಎಂದಷ್ಟೇ ಸಿಂಚನಾಗೆ ಗೊತ್ತಿತ್ತು. ವಿಜ್ಞಾನದ್ದಿರಬೇಕು ಎಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಶಾಲೆ ತುಂಬುವ ಮೊದಲೇ ಕೋಣೆಯ ಬಾಗಿಲು ಹಾಕಿಕೊಂಡು ಅವರು ತಾವೇ ಪಟ್ಟಿ ಕಟ್ಟಿಕೊಂಡರು. ಮಕ್ಕಳ ಮಾದರಿ ದೊಡ್ಡವರ ಮಿದುಳಿಗೆ ಸರಿಯಾಗಿ ಕೂರುವುದಿಲ್ಲ, ಮಂಜುಗಾಜಿನ ಆಚೆಯಿಂದ ನೋಡಿದಂತಿರುತ್ತದೆ. ಅದಕ್ಕೇ ಯಾರೂ ನೋಡುವ ಗೋಜಿಗೆ ಹೋಗುವುದಿಲ್ಲ.

ಮೊದಲು ಉಸಿರು ಬದಲಾಯಿತು, ಅವರ ಉಸಿರಿಗಿಂತ ಚುರುಕಾದ, ಎಳೆಯ ಉಸಿರು. ಭುಜಗಳು ಹಗುರಾದವು. ಆಮೇಲೆ ಆ ಎಳೆತ. ಒಂದೇ ಸಮ ಅಲ್ಲ; ಬಿಡುತ್ತಿತ್ತು, ಹಿಡಿಯುತ್ತಿತ್ತು. ತಲೆ ಬಗ್ಗಿಸಿ ಬರೆಯುವಾಗ ಕತ್ತಿನ ಹಿಂದಿನಿಂದ ಜಗ್ಗುತ್ತದೆ, ಕರಿಹಲಗೆ ನೋಡಲು ತಲೆ ಎತ್ತಿದರೆ ಸಡಿಲುತ್ತದೆ, ಮತ್ತೆ ಬಗ್ಗಿದರೆ ಮತ್ತೆ. ಬಲಕ್ಕೆ ಇಷ್ಟು, ಎಡಕ್ಕೆ ಅದಕ್ಕಿಂತ ಒಂದು ಹಿಡಿ ಜಾಸ್ತಿ.

ಸಿಂಚನಾ ಎಡಚರು. ಮಗಳ ಹಿಂದೆ ಕೂತು ಹೆಣೆಯುವಾಗ ಅವರ ಬಲವಾದ ಕೈ ಬೀಳುತ್ತಿದ್ದದ್ದು ಎಡಗಡೆಯ ಜಡೆಗೆ. ಮಗಳಿಗೆ ಮೊದಮೊದಲು ಜಡೆ ಹಾಕಿದಾಗ ಅತ್ತೆ, "ನಮ್ಮ ಸೊಸಿ ಹೆಣದ ಜಡಿ ನೋಡ್ರಿ, ಎಡಗಡೇದು ಬೆತ್ತ, ಬಲಗಡೇದು ಹಗ್ಗ," ಎಂದು ಬಂದವರ ಮುಂದೆಲ್ಲ ನಗಾಡುತ್ತಿದ್ದರು. ಹೆಣೆದವರಿಗೆ ತಮ್ಮ ಕೈ ಗೊತ್ತಾಗದೆ ಇರುತ್ತದೆಯೆ?

ಎಳೆತದ ಅಡಿಯಲ್ಲಿ ಇನ್ನೂ ಒಂದಿತ್ತು. ಸಿಕ್ಕು ಸಿಕ್ಕಾಗಿ ಬರುತ್ತಿದ್ದ ಉಸಿರು ಒಮ್ಮೆ ನಿಂತಿತು. ಎಷ್ಟು ತಿರುವಿದರೂ ತೆರೆಯದ ಬೀಗ ಇದ್ದಕ್ಕಿದ್ದಂತೆ ಬಿಟ್ಟುಕೊಟ್ಟಾಗ ಬೆರಳಿಗೆ ತಿಳಿಯುತ್ತದಲ್ಲ, ಹಾಗೆ ಎದೆಯ ಕೆಳಗೆ ಏನೋ ಕಟಕ್ ಎಂದಿತು. ಮತ್ತೆ ಇನ್ನೊಮ್ಮೆ. ಮತ್ತೆ. ವರ್ಷವಿಡೀ ಹೀಗೆ ಪುಟಿದ ಜೀವ ತಮ್ಮ ಮನೆಯಲ್ಲೇ ಉಂಡು ಮಲಗುತ್ತಿತ್ತು, ತಾವು ಬಸ್ಸು ಹಿಡಿಯುವ ಅವಸರದಲ್ಲಿ ಅದರ ಕೂದಲು ಬಿಗಿಯುತ್ತಿದ್ದರು. ಅವರು ಪಟ್ಟಿ ಬಿಚ್ಚಿದರು. ನಗುವೋ ಅಳುವೋ ಯಾವುದು ಮೊದಲು ಬರಬೇಕೆಂದು ಎರಡೂ ಕಾದು ನಿಂತಂತಿತ್ತು.

ಯಂತ್ರ ಸುಳ್ಳು ಹೇಳಿರಲಿಲ್ಲ. ಪಾಠದ ಜೊತೆಗೆ ಏರಿ ಪಾಠದ ಜೊತೆಗೆ ಇಳಿದದ್ದನ್ನು ಪಾಠದ್ದೇ ಎಂದು ಇಟ್ಟುಕೊಂಡಿತ್ತು. ಗಣಿತದಷ್ಟು ಬಗ್ಗಿ ಬರೆಯುವ, ತಲೆಯೆತ್ತಿ ನೋಡುವ ಪಾಠ ಬೇರೊಂದಿಲ್ಲ. ಯಂತ್ರಕ್ಕೆ ಜಡೆ ಗೊತ್ತಿಲ್ಲ. ಜಡೆ ಗೊತ್ತಿದ್ದವರು ಎಲ್ಲಿ ನೋವು ಎಂದು ಕೇಳಲಿಲ್ಲ, ಏಕೆಂದರೆ ಗಣಿತಕ್ಕೆ ತಲೆನೋವು ಬರುವುದು ಅವರಿಗೆ ಸೂರ್ಯ ಮೂಡಿದಷ್ಟು ಸಹಜವಾಗಿತ್ತು.

ಕೌಜಲಗಿ ಸರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾರ ಜಡೆ ಎಂದು ಸಿಂಚನಾ ಹೇಳಲಿಲ್ಲ.

"ಅಂದ್ರ, ಅದು ಗಣಿತದ ತಲಿನೋವಲ್ಲ ಅಂತೀರಿ."

"ಅಲ್ರಿ ಸರ್. ಜಡೀದು."

"ಇಪ್ಪತ್ತೆರಡು ವರ್ಷ ಆತು ನಾ ಕಲಸಾಕತ್ತು. ಮೊದಲನೇ ದಿನಾನ ಹುಡುಗರಿಗೆ ಹೇಳ್ತಿದ್ನಿ, ತಲಿ ನೋಯ್ತೈತಿ, ತಡ್ಕೋಬೇಕು ಅಂತ. ಈಗ ನೋಯಂಗೇ ಇಲ್ಲ ಅಂದ್ರ ನಾ ಏನ ಹೇಳಿ ಪಾಠಾ ಚಾಲೂ ಮಾಡ್ಲಿ?" ಅವರ ಮುಖದಲ್ಲಿ ಗೊಂದಲವಿತ್ತು, ಅದರ ಹಿಂದೆ, ತಡವಾಗಿ ಸಿಕ್ಕ ಬಿಡುಗಡೆಯಂಥದ್ದು. "ಆದ್ರ ಶನಿವಾರ ನಾಡಿದ್ದು. ಹೊಸಾ ಮಾದರಿ ಅಂದ್ರ ಒಂದು ವರ್ಷ ಬೇಕು."

"ಹೊಸಾದು ಬ್ಯಾಡ್ರಿ. ಇದರಾಗಿಂದ ಜಡಿ ಕಳದ್ರ ಸಾಕು. ಬರೇ ಜಡೀದ ಒಂದು ಅಳತಿ ತಗೋಬೇಕು. ಅದ ತಲಿ, ಅದ ಬಿಗಿ, ಅದ ಬಗ್ಗೂದು, ಏಳೂದು. ಗಣಿತ ಮಾತ್ರ ಇರಬಾರದು."

"ತಲಿ ಎಲ್ಲಿಂದ ತರ್ತೀರಿ?"

"ಕೇಳಿ ನೋಡ್ತೇನ್ರಿ," ಎಂದರು ಸಿಂಚನಾ.

ದಾನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಮಾದರಿ ಅವಳದು, ಅವಳು ಒಪ್ಪದೆ ಅದನ್ನು ಮುಟ್ಟುವಂತಿಲ್ಲ, ತಾವು ಗುರುತು ಹಿಡಿದದ್ದನ್ನು ಹೇಳದೆ ಕೇಳುವಂತೆಯೂ ಇಲ್ಲ. ಮಧ್ಯಾಹ್ನ ಕಾಲೇಜಿನಿಂದ ಬಂದವಳ ಮುಂದೆ ನೀರು ಇಟ್ಟು ಸಿಂಚನಾ ನೇರವಾಗಿಯೇ ಹೇಳಿದರು. ಬೋಳುತಲೆಯ ಹುಡುಗನ ಕೂದಲು ನೊಂದ ಭಾಗಕ್ಕೆ ಬಂದಾಗ ದಾನಿ ಕುಡಿಯುತ್ತಿದ್ದ ನೀರು ಮೂಗಿಗೆ ಹೋಯಿತು. ಕೆಮ್ಮಿ, ನಕ್ಕು, ಕಣ್ಣು ಒರೆಸಿಕೊಂಡಳು.

"ಅವ್ವಾ, ಊರಾಗಿನ ಗಂಡುಹುಡುಗರಿಗೆಲ್ಲಾ ನೀನ ಜಡಿ ಹಾಕಿದಂಗಾತು."

"ನಗಬ್ಯಾಡ. ಅಷ್ಟು ನೋಯತಿತ್ತು ಅಂದ್ರ ಹೇಳಬಾರದಿತ್ತೇನ? ಸಡಲ ಮಾಡತಿದ್ದೆ."

ದಾನಿ ಲೋಟದ ಅಂಚನ್ನು ಬೆರಳಿನಿಂದ ಸುತ್ತುಹಾಕಿದಳು. "ಬರ್ತೇನಿ ನಡಿ," ಎಂದಳಷ್ಟೇ. "ಆದ್ರ ನನ್ನ ತಲ್ಯಾಗ ಈಗ ಜಡಿ ಎಲ್ಲೈತಿ?"

ಅದಕ್ಕೆ ಸಿಂಚನಾ ಉಪಾಯ ಮಾಡಿಯೇ ಬಂದಿದ್ದರು. ಟ್ರಂಕಿನ ತಳದಿಂದ, ತಮ್ಮ ಮದುವೆಯ ದಿನ ಕೂದಲಿಗೆ ಕೂಡಿಸಿ ಹೆಣೆದಿದ್ದ ಚೌರಿಗಳನ್ನು ತೆಗೆದರು. ಕರಿಯ, ಉದ್ದನೆಯ, ನುಸಿಗುಳಿಗೆಯ ವಾಸನೆಯ ಎರಡು ಕೂದಲ ಕುಚ್ಚು.

ರುಚಿಕೋಣೆಯ ಕುರ್ಚಿ ಎತ್ತರವಾಯಿತು. ದಾನಿ ನೆಲದ ಮೇಲೆ ಕೂತಳು, ಸಿಂಚನಾ ಹಿಂದೆ ಸ್ಟೂಲಿನ ಮೇಲೆ. ಬೈತಲೆ ತೆಗೆದರು. ಗಿಡ್ಡ ಕೂದಲು ಕೈಯಿಂದ ಜಾರುತ್ತಿತ್ತು. ಚೌರಿ ಸೇರಿಸಿ ಮೂರು ಎಳೆ ಮಾಡಿ ಹೆಣೆಯತೊಡಗಿದ ಮೇಲೆ ಬೆರಳುಗಳಿಗೆ ಹಳೆಯ ದಾರಿ ನೆನಪಾಯಿತು. ಎಷ್ಟು ಹತ್ತಿರದಲ್ಲಿದ್ದರೂ ಈ ನೆತ್ತಿಯನ್ನು ಇಷ್ಟು ದಿನ ನೋಡಿರಲಿಲ್ಲ. ಬಲಗಿವಿಯ ಮೇಲಿನ ಸುಳಿ ಅಲ್ಲೇ ಇತ್ತು.

"ಬಿಗಿ ಸಾಲದವ್ವ," ಎಂದಳು ದಾನಿ.

"ನೋಯ್ತೈತಿ."

"ನೋಯ್ಬೇಕಲ್ಲ? ಅಳತಿ ಸರಿ ಬರಬೇಕಂದ್ರ ಆವಾಗಿನಂಗ ಹೆಣಿ. ಬಸ್ಸಿಗೆ ಹೊತ್ತಾಗೇತಿ ಅಂತ ತಿಳಕೋ."

ಸಿಂಚನಾ ಎಡಗೈಯಿಂದ ಒಂದು ಸಲ ಜಗ್ಗಿದರು. ದಾನಿ "ಹಾಂ, ಇದು," ಎಂದು ಗುರುತು ಹಿಡಿದಳು.

ಆಮೇಲೆ ಬಾಸಿಂಗ ಕಟ್ಟಿಕೊಂಡು ಅವಳು ಡೆಸ್ಕಿನ ಮುಂದೆ ಕೂತು ಬಗ್ಗಿದಳು, ಎದ್ದಳು, ಬಗ್ಗಿದಳು, ಎದ್ದಳು. ಬರೆದದ್ದು ಗಣಿತವಲ್ಲ, ಮನಸ್ಸಿಗೆ ಏನೂ ತೋಚದಂತೆ ಪುಟದ ತುಂಬ ಒಂದೇ ಗೆರೆ, ಒಂದೇ ಗೆರೆ. ಸಿಂಚನಾ ಪರದೆಯ ಮೇಲೆ ಕಣ್ಣಿಟ್ಟಿದ್ದರು. ಅವಳು ಬಗ್ಗಿದಾಗಲೆಲ್ಲ ನೋವಿನ ಗೆರೆ ಗುಡ್ಡದಂತೆ ಏಳುತ್ತಿತ್ತು. ಅಂದುಕೊಂಡದ್ದೇ. ಆದರೆ ಅದರ ಕೆಳಗೆ ಇನ್ನೊಂದು ಗೆರೆಯೂ ಏಳುತ್ತಿತ್ತು, ಗುಡ್ಡದ ಬುಡದಲ್ಲಿ ನೀರು ಏರಿದಂತೆ, ನಿಧಾನವಾಗಿ, ಅಗಲವಾಗಿ. ಎದೆಬಡಿತ ತಗ್ಗಿ, ಉಸಿರು ಆಳವಾಗಿ, ಹೊಟ್ಟೆಯ ಬಿಗಿ ಸಡಿಲುವಾಗ ಬರುವ ಗೆರೆ. ಯಂತ್ರದ ಭಾಷೆಯಲ್ಲಿ ಅದಕ್ಕೆ ನೆಮ್ಮದಿ ಎಂದು ಹೆಸರು. ತೊಡೆಯ ಮೇಲೆ ಮಲಗಿದ ಕೂಸುಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ ಎಂದು ಅವರು ಓದಿದ್ದರು.

"ದಾನಿ, ನೋಯಾಕತ್ತೈತಿ ಹೌದಲ್ಲ?"

"ಹೂಂ."

"ಮತ್ತ ಇದೇನಿದು?"

ದಾನಿ ಎದ್ದು ಬಂದು ಪರದೆ ನೋಡಿದಳು. ಏನೆಂದು ಅವಳಿಗೆ ಕೂಡಲೇ ತಿಳಿಯಿತು. ಕಿವಿಯ ತುದಿ ಕೆಂಪಾಯಿತು.

"ಹೇಳಿದ್ರ ನೀ ಸಡಲ ಮಾಡತಿದ್ದಿ," ಎಂದಳು. "ಸಡಲ ಮಾಡಿದ್ರ ಲಗೂನ ಮುಗಿದುಬಿಡತಿತ್ತು. ನೀ ಬಸ್ಸಿಗೆ ಹೋಗಿಬಿಡತಿದ್ದಿ."

"ಹಂಗಂದ್ರ ಮತ್ಯಾಕ ಕತ್ತರಿಸಿದಿ?"

"ಅವ್ವ, ನೋಯತಿತ್ತು!" ಎಂದು ದಾನಿ ನಕ್ಕುಬಿಟ್ಟಳು. "ಎರಡೂ ಖರೇನ."

ಕಳೆಯುವ ಲೆಕ್ಕ ಮಾಡುವಾಗ ಸಿಂಚನಾ ಸ್ವಲ್ಪ ಹೊತ್ತು ಕೈ ತಡೆದರು. ನೋವನ್ನಷ್ಟೇ ತೆಗೆದು ಕೆಳಗಿನ ಗೆರೆಯನ್ನು ಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಗಣಿತಕ್ಕೆ ಜನವೂ ಹೆಚ್ಚು ಬರುತ್ತಿದ್ದರು. ಆದರೆ ಅದೂ ಗಣಿತವಲ್ಲ. ನೋವು ಅಲ್ಲ ಎಂದು ತೆಗೆಯುವವರು ನೆಮ್ಮದಿ ಇರಲಿ ಎಂದು ಬಿಟ್ಟರೆ ಅದು ಶೇಂಗಾ ಉಂಡಿಯ ಲೆಕ್ಕವೇ ಆಯಿತು. ಎರಡನ್ನೂ ತೆಗೆದರು. ತೆಗೆದದ್ದನ್ನು ಅಳಿಸಬೇಕಿತ್ತು. ಅಳಿಸಲಿಲ್ಲ, ಮಗಳ ಒಪ್ಪಿಗೆ ಕೇಳಿ ಬೇರೆಯಾಗಿ ಇಟ್ಟುಕೊಂಡರು.

ಶನಿವಾರ ಬೆಳಗಿನ ಶಾಲೆ. ಮಾಳಿಂಗನನ್ನು ಕರೆಸಿದಾಗ ಅವನು ಕೈಯಲ್ಲಿ ಶೇಂಗಾ ಉಂಡಿ ಹಿಡಿದೇ ಬಂದ. ಆಗಲೇ ಇತಿಹಾಸದವನಾಗಿಬಿಟ್ಟಿದ್ದ.

"ಇನ್ನೊಮ್ಮೆ ಕೂಡು. ಒಂದ ಸಲ," ಎಂದರು ಸಿಂಚನಾ.

"ಬ್ಯಾಡ್ರಿ ಮೇಡಂ. ನನ್ನ ತಲಿ ಸಣ್ಣದೈತ್ರಿ."

"ತಪ್ಪು ನಿನ್ನ ತಲೀದಲ್ಲ, ನಮ್ಮ ಮಾದರೀದು. ಜಡಿ ಹಾಕ್ಕೊಂಡ ಹುಡುಗೀದದು. ಈಗ ಜಡಿ ತಗದೇವಿ. ಆದ್ರೂ ಬ್ಯಾಡನಿಸಿದ್ರ ಇತಿಹಾಸ ಹಿಡಿ. ನಾನ ಇನ್ನೊಂದು ಉಂಡಿ ಕೊಡ್ತೇನಿ."

ಜಡೆ ಎಂಬ ಮಾತಿಗೆ ಮಾಳಿಂಗ ಗಾಬರಿಯಿಂದ ಬೋಳುತಲೆ ಮುಟ್ಟಿಕೊಂಡ. ಕೌಜಲಗಿ ಸರ್ ಬಾಗಿಲಲ್ಲಿ ಬಂದು ನಿಂತಿದ್ದರು. ಹೆಡ್‌ಮಾಸ್ತರ ಎದುರು ಇಲ್ಲ ಎನ್ನಲಾಗದೆ ಅವನು ಕೂತ, ಉಂಡಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಮೊದಮೊದಲು ಹುಬ್ಬು ಗಂಟಿಕ್ಕಿಯೇ ಇತ್ತು, ನೋವು ಈಗ ಬಂತು, ಈಗ ಬಂತು ಎಂದು ಕಾದಂತೆ. ಬರಲಿಲ್ಲ. ಹುಬ್ಬು ಬಿಟ್ಟಿತು. ಆಮೇಲೆ ಒಂದು ಕ್ಷಣ ಉಸಿರು ನಿಂತಿತು. ತುಟಿಯ ಒಂದು ಕೊನೆ ತನ್ನಷ್ಟಕ್ಕೆ ಮೇಲಕ್ಕೆ ಹೋಯಿತು.

ಪಟ್ಟಿ ಬಿಚ್ಚಿದ ಮೇಲೂ ಅವನು ಏಳಲಿಲ್ಲ. "ಇದು ಐತ್ಯೇನ್ರಿ ಅದರಾಗ?" ಎಂದ.

"ಯಾವುದು?"

"ಹಿಂಗ..." ಎದೆಯ ಕೆಳಗೆ ಕೈಯಿಟ್ಟು ತೋರಿಸಿದ. "ಮೊದಲನೇ ಸಲ ಜಗ್ಗಾಟದಾಗ ಗೊತ್ತಾಗಿದ್ದಿಲ್ರಿ. ರಟ್ಟು ಕೂಡಸೂವಾಗ ನನಗ ಒಮ್ಮೊಮ್ಮೆ ಆಗತೈತಿ ಇದು. ಎಲ್ಲಾರಿಗೂ ಆಗತೈತ್ಯೇನ್ರಿ?"

"ಆಗೋರಿಗೆ ಆಗತೈತಿ," ಎಂದರು ಕೌಜಲಗಿ ಸರ್.

ಮಾಳಿಂಗ ಎದ್ದ. ಹೊರಡುವವನು ತಿರುಗಿ, "ಆದ್ರ ಮೇಡಂ, ಮೊದಲಿನದರಾಗ ಇನ್ನೊಂದು ಇತ್ತರಿ," ಎಂದ. "ತಲಿ ಜಗ್ಗತಿತ್ತು, ಖರೆ. ಆದ್ರ ನಮ್ಮವ್ರು ಯಾರೋ ಹಿಂದ ಕುಂತಂಗ ಇತ್ತು. ಅದು ಈಗಿಲ್ಲ. ಅದನ್ನೂ ತಗದ್ರೇನು?"

"ತಗದೇವಿ," ಎಂದರು ಸಿಂಚನಾ. "ಅದು ಗಣಿತದ್ದಲ್ಲ. ಆ ಹುಡುಗಿ ಮನಿಯಿಂದ ತಂದಿದ್ಲು."

"ಹಂಗಾದ್ರ ಸರಿ. ನಾನೂ ನಮ್ಮ ಮನಿಯಿಂದ ತರ್ತೇನಿ," ಎಂದ ಮಾಳಿಂಗ, ಬುತ್ತಿಯ ಮಾತಾಡಿದಷ್ಟು ಸಲೀಸಾಗಿ. ಸಿಂಚನಾ ಮೇಜಿನ ಖಾನೆ ಎಳೆದು ರಟ್ಟಿನ ತುಂಡುಗಳನ್ನು ಮುಂದೆ ಇಟ್ಟರು. ಅವನು ಒಂದೊಂದಾಗಿ ಎಣಿಸಿ ನೋಡಿದ, ಎಲ್ಲ ಇದ್ದವು.

ಮುಂದಿನ ವರ್ಷದವರೆಗೆ ತಡೆಯುವುದು ಈಗ ಕೌಜಲಗಿ ಸರ್ ಕೈಲಿ ಆಗಲಿಲ್ಲ. ಪಂಚೆ ಮೇಲೆತ್ತಿ ನೆಲದ ಮೇಲೆ ಕೂತೇಬಿಟ್ಟರು. "ಬಾ ಇಲ್ಲೆ. ಇದರ ಒಂದು ಮೂಲಿಯಿಂದ ಉಳದ ಮೂಲಿಗೆ ಗೆರಿ ಎಳಿ. ಎಷ್ಟು ತ್ರಿಕೋನ ಆದುವು?"

"ಮೂರ್ರಿ."

"ಒಂದೊಂದಕ್ಕ ನೂರಾ ಎಂಬತ್ತು. ಐದು ಮೂಲಿಗೆ ಹಂಚು."

ಮಾಳಿಂಗ ತುಟಿ ಅಲ್ಲಾಡಿಸಿದ. "ನೂರಾ ಎಂಟ್ರಿ."

"ಈಗ ಮೂರು ರಟ್ಟು ಒಂದ ಕಡೆ ಮೂಲಿ ಕೂಡಸು. ಪೂರಾ ಸುತ್ತು ಮುನ್ನೂರಾ ಅರವತ್ತು."

ಹುಡುಗ ಮೂರು ತುಂಡು ಕೂಡಿಸಿದ. ನಡುವೆ ಅದೇ ಸಂದಿ, ತಿಂಗಳಿಡೀ ಅವನನ್ನು ಕಾಡಿದ್ದ ಅದೇ ಕಿರಿದಾದ, ಚೂಪು ಸಂದಿ. ಅದನ್ನೇ ನೋಡುತ್ತ ಕೂತ. "ಮುನ್ನೂರಾ ಇಪ್ಪತ್ನಾಕು," ಎಂದ ಮೆಲ್ಲಗೆ. "ಮೂವತ್ತಾರು ಉಳದ್ವು. ನಾಕನೇದಕ್ಕ ನೂರಾ ಎಂಟು ಬೇಕು... ಹಿಡ್ಯಂಗಿಲ್ಲ. ಯಾರು ಕೂಡ್ಸಿದ್ರೂ ಕೂಡಂಗಿಲ್ಲ! ನನ್ನ ಕತ್ತರೀದ ತಪ್ಪಲ್ರಿ ಸರ್, ಅವು ಕೂಡೂವಲ್ಲ!"

ಬೀಗ ಬಿಟ್ಟುಕೊಟ್ಟ ಆ ಕಟಕ್ ಹುಡುಗನ ಮುಖದ ಮೇಲೆ ಹಾದುಹೋದದ್ದನ್ನು ಸಿಂಚನಾ ಬರಿಗಣ್ಣಿನಿಂದಲೇ ಕಂಡರು. ಈ ಸಲ ಅದು ಯಾರಿಂದಲೂ ಕಡ ತಂದದ್ದಾಗಿರಲಿಲ್ಲ. ಅವನ ಕೈ ತಲೆಯ ಕಡೆ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಸಿಂಚನಾ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ದಾನಿ ಕಾಲೇಜಿಗೆ ತಯಾರಾಗಿ ಬಂದಳು. ಕೈಯಲ್ಲಿ ಬಾಚಣಿಗೆ ಇತ್ತು. ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು.

"ಜಡಿ ಏನ ಬ್ಯಾಡ. ಸುಮ್ನ ಬಾಚು."

ಸಿಂಚನಾ ಚಹಾ ಬದಿಗಿಟ್ಟರು. ಗಿಡ್ಡ ಕೂದಲಿಗೆ ಎಷ್ಟು ಹೊತ್ತು ಬೇಕು? ಆದರೂ ಒಂದೊಂದೇ ಎಳೆ ಬಿಡಿಸುತ್ತ, ಎಡಗೈಯನ್ನು ಆದಷ್ಟು ಹಗುರ ಮಾಡಿಕೊಂಡು, ಎಲ್ಲಿ ನೋಯುತ್ತದೋ ಎಂದು ಹಣಿಗೆಯನ್ನು ಗಾಳಿಯಲ್ಲಿ ತೇಲಿಸಿದಂತೆ ಬಾಚಿದರು. ಬೀದಿಯಲ್ಲಿ ಶಾಲೆಯ ಹುಡುಗಿಯರು ಎರಡೆರಡು ಜಡೆ ಕುಣಿಸುತ್ತ ಹೋದರು.

ದಾನಿ ತಿರುಗದೆಯೇ ಹೇಳಿದಳು:

"ಇಷ್ಟು ಸಡಲ ಬ್ಯಾಡವ್ವ. ನೀನ ಅಂತ ಗೊತ್ತ ಆಗವಲ್ದು."